ಮಗ್ಗದ ಮನೆಯ ವೆಂಟಿಲೇಟರ್‌ಗೆ ಅಪ್ಪ ಹಾಕಿದ ಗಂಟು

ಗೆಳೆಯರೇ, ಇವತ್ತು ಎರಡು ಸಲ ಏಣಿ ಹತ್ತಿ ಇಳಿದೆ. ಕೊಳ್ಳೇಗಾಲದ ನಮ್ಮ ಮಗ್ಗದ ಮನೆಯ ಶೀಟಿನ ಮೇಲೆ, ಗಾಳಿಗೆ ಗಿರಗಿರನೆ ತಿರುಗುವ ಗುಂಡು ವೆಂಟಿಲೇಟರ್ ಒಂದನ್ನು ಮೊನ್ನೆ ಹಾಕಿಸಿದ್ದೆ. ಮಧ್ಯಾಹ್ನ ನೋಡಿದರೆ ಅದು ಅಲ್ಲಾಡುತ್ತಿಲ್ಲ. ಹತ್ತಿ ನೋಡಿದೆ. ಅಪ್ಪ ಅದನ್ನು ರೇಷ್ಮೆ ದಾರದಲ್ಲಿ ಬಿಗಿದು ಕಟ್ಟಿದ್ದಾರೆ!

"ಅದು ಗಾಳಿ ಬುಟ್ಟು ಬುಟ್ಟು ನೂಲ್ನೆಲ್ಲಾ ಒಣಗಿಸ್ತದೆ ಕಣ್ಲಾ. ಮದ್ವೆ ಸೀರೆ ಮಗ್ಗದ ಮ್ಯಾಲದೆ, ಬೆಳಗಿಂದ ಆರು ಎಳೆ ಕಿತ್ತೋದೊ," ಅಂತ ಅಪ್ಪ ಕೆಳಗಿನಿಂದಲೇ ಕೂಗಿದರು.

"ಅಪ್ಪಾ, ಅದು ಗಾಳಿ ಬುಡಲ್ಲ. ಒಳಗಿನ ಬಿಸಿಗಾಳಿನ ಎಳ್ದು ಆಚೆಗೆ ಆಕ್ತದೆ."

ಅಪ್ಪ ನಂಬಲಿಲ್ಲ. ಬೆವರು ಸುರಿಸಿಕೊಂಡು ಆ ಗಂಟು ಬಿಚ್ಚಿದೆ. ಕೆಳಗಿಳಿದು ವೆಂಟಿಲೇಟರ್ ಅಡಿಯಲ್ಲಿ ಊದುಬತ್ತಿ ಹಚ್ಚಿ ಹಿಡಿದೆ. ಹೊಗೆ ನೆಟ್ಟಗೆ ಮೇಲೇರಿ ಆಚೆ ಹೋಯಿತು. ನಾನು ಗೆದ್ದವನಂತೆ ಎದೆಯುಬ್ಬಿಸಿ ನಿಂತೆ.

"ಸರಿ, ಆಚೆಗೇ ಆಕ್ತದೆ," ಅಂದರು ಅಪ್ಪ. "ನೂಲು ಒಣಗ್ದೇ ಇರ್ಲಿ ಅಂತ ನಾನು ದಿನಾ ನೆಲಕ್ಕೆ ನೀರು ಚಿಮುಕಿಸ್ತೀನಲ್ಲ, ಆ ತೇವಾನೂ ಆಚೆಗೆ ಆಕ್ತದಲ್ವಾ?"

ತೆಪ್ಪಗೆ ಮತ್ತೆ ಹತ್ತಿ, ಅದೇ ದಾರದಲ್ಲಿ ಕಟ್ಟಿ ಬಂದೆ. ಹತ್ತೇ ನಿಮಿಷಕ್ಕೆ ದಾರ ಸಡಿಲವಾಗಿ ವೆಂಟಿಲೇಟರ್ ಮತ್ತೆ ತಿರುಗತೊಡಗಿತು.

ಮಗ್ಗದಿಂದ ತಲೆಯನ್ನೂ ಎತ್ತದೆ ಅಪ್ಪ ಅಂದರು: "ಮೊದ್ಲು ಗಂಟು ಆಕೋದು ಕಲ್ತ್ಕೊ. ಆಮ್ಯಾಕೆ ಗಾಳಿ ಪಾಠ ಏಳ್ಕೊಡೀವಂತೆ."