ವಾರಕ್ಕೊಂದು ಇಂಜೆಕ್ಷನ್

ತೂಕ ಇಳಿಸಲು ನಾನು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ ಇಂಜೆಕ್ಷನ್ನಿನ ವಿಷಯ ಹೆಂಡತಿಗೆ ಏಳು ತಿಂಗಳು ಗೊತ್ತಿರಲಿಲ್ಲ. ವಿಜಯವಾಡದ ಆಟೋನಗರದಲ್ಲಿ ನನ್ನದು ಲಾರಿ ಬಿಡಿಭಾಗಗಳ ಅಂಗಡಿ. ಅಲ್ಲಿಯ ಚಿಕ್ಕ ಫ್ರಿಜ್ಜಿನಲ್ಲಿ, ಮಜ್ಜಿಗೆ ಪ್ಯಾಕೆಟ್ಟುಗಳ ಹಿಂದೆ ಅದು ಇರುತ್ತಿತ್ತು. ನಾನು ಬೆಳಿಗ್ಗೆ ನದಿಯ ದಡದಲ್ಲಿ ನಡೆದೇ ಕರಗಿದ್ದೇನೆಂದು ಭವಾನಿಪುರಂನ ಮನೆಯಲ್ಲಿ ಎಲ್ಲರೂ ನಂಬಿದ್ದರು. ಹೆಂಡತಿ ಅದನ್ನು ಅಕ್ಕತಂಗಿಯರಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದಳು. ತಿದ್ದಬೇಕೆಂದು ಒಂದೆರಡು ಸಲ ಅನ್ನಿಸಿತು, ತಿದ್ದಲಿಲ್ಲ.

ಬೆಂಜ್ ಸರ್ಕಲ್ ಹತ್ತಿರದ ಡಾಕ್ಟರು ಔಷಧ ಬರೆದುಕೊಡುವಾಗ ಎಲ್ಲವನ್ನೂ ಹೇಳಿದ್ದರು. ಹಸಿವಿಲ್ಲವೆಂದು ಊಟ ಬಿಡಬಾರದು, ಸ್ವಲ್ಪ ಸ್ವಲ್ಪವೇ ತಿನ್ನಬೇಕು, ಮೊಟ್ಟೆ, ಬೇಳೆ, ಮೊಸರು ತಪ್ಪಿಸಬಾರದು, ನೀರು ಕುಡಿಯುತ್ತಿರಬೇಕು. ನಾನು ಮಧ್ಯಾಹ್ನದ ಡಬ್ಬಿಯನ್ನು ಹಾಗೇ ಪಕ್ಕದ ವೆಲ್ಡರನಿಗೆ ಕೊಟ್ಟುಬಿಡುತ್ತಿದ್ದೆ. ಒಂದು ಇಡ್ಲಿ, ಎರಡು ಲೋಟ ಕಾಫಿಯಲ್ಲಿ ಕಳೆದ ದಿನಗಳಿವೆ. ತೂಕ ಬೇಗ ಇಳಿಯಿತು. ಕೂದಲೂ ಉದುರಿತು.

ವಿಶಾಖಪಟ್ಟಣದ ಮಗಳ ಮನೆಗೆ ಹೋದ ಎರಡನೇ ದಿನ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ಆಸ್ಪತ್ರೆಯಲ್ಲಿ, ಪಿತ್ತಕೋಶದಲ್ಲಿ ಕಲ್ಲು, ಮರುದಿನವೇ ಆಪರೇಷನ್ ಎಂದರು. ಸಂಜೆ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಧಾರವಾಡದ ಕಡೆಯ ಯುವತಿ. ನನ್ನ ತೆಲುಗಿನಲ್ಲೇ ಕನ್ನಡ ಗುರುತಿಸಿದರು. ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದಾಗ ಹೆಂಡತಿ, ಬಿ.ಪಿ. ಮಾತ್ರೆ ಒಂದೇ ಎಂದು ತೆಲುಗಿನಲ್ಲಿ ಉತ್ತರಿಸಿದಳು. ಡಾಕ್ಟರು ನನ್ನತ್ತ ತಿರುಗಿದರು.

"ತೂಕ ಇಳಿಸ್ಲಿಕ್ಕೆ ಏನರ ತಗೋತೀರೇನ್ರಿ? ಇದ್ರ ಹೇಳಿಬಿಡ್ರಿ."

ಹೆಂಡತಿ ತೆಲುಗಿನವಳು, ಕನ್ನಡ ಅಷ್ಟಾಗಿ ಬಾರದು. ಆ ಧೈರ್ಯದ ಮೇಲೆ ಕನ್ನಡದಲ್ಲೇ ಹೇಳಿದೆ. ಆದರೆ ಇಂಜೆಕ್ಷನ್ ಎಂಬ ಮಾತು ಎರಡೂ ಭಾಷೆಗೆ ಒಂದೇ.

ಕೊನೆಯದನ್ನು ತೆಗೆದುಕೊಂಡು ಮೂರು ದಿನವಾಗಿತ್ತು. ಈ ಔಷಧದಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಉಪವಾಸವಿದ್ದರೂ ಆಹಾರ ಉಳಿದಿರಬಹುದು, ಪ್ರಜ್ಞೆಯಿಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ವಿವರಿಸಿದರು. ಬೆಳಿಗ್ಗೆ ಸ್ಕ್ಯಾನ್ ಮಾಡಿದಾಗ ಹೊಟ್ಟೆಯಲ್ಲಿ ನಿಜಕ್ಕೂ ಆಹಾರವಿತ್ತು. ಆಪರೇಷನ್ ಮುಂದಕ್ಕೆ ಹೋಯಿತು.

"ಎನ್ನಿ ನೆಲಲು?" ಎಂದು ಮಾತ್ರ ಹೆಂಡತಿ ಕೇಳಿದಳು. ಏಳು ತಿಂಗಳು ಎಂದೆ. ಆಮೇಲೆ, ಅಪರೂಪಕ್ಕೆ, ತೆಲುಗು ಬೆರೆತ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು: "ಬಿ.ಪಿ. ಒಂದೇ ಅಂತ ನಾನೇ ಹೇಳಿದೆ. ನಿಮಗೆ ಏಮನ್ನಾ ಆಗಿದ್ರೆ, ಅದು ನನ್ನ ಮಾತಿಂದ ಆಗ್ತಿತ್ತು ಕದಾ."

ನಾನು ಅದನ್ನು ಆ ಕಡೆಯಿಂದ ಯೋಚಿಸಿರಲಿಲ್ಲ.

ನಾಲ್ಕು ದಿನಗಳ ನಂತರ ಆಪರೇಷನ್ ಸರಾಗವಾಗಿ ಆಯಿತು. ವಿಜಯವಾಡಕ್ಕೆ ಮರಳಿ ಬೆಂಜ್ ಸರ್ಕಲ್ಲಿನ ಡಾಕ್ಟರ ಬಳಿಗೆ ಇಬ್ಬರೂ ಹೋದೆವು. ಪ್ರಶ್ನೆಗಳನ್ನೆಲ್ಲ ಅವಳೇ ಕೇಳಿದಳು. ಕೆಲವು ವಾರ ಬಿಟ್ಟು, ಕಡಿಮೆ ಪ್ರಮಾಣದಿಂದ ಔಷಧ ಮತ್ತೆ ಶುರುವಾಯಿತು. ಈಗ ಬೆಳಿಗ್ಗೆ ಹೆಸರುಕಾಳಿನ ಒಂದು ಪೆಸರಟ್ಟು ದೋಸೆ, ಮಧ್ಯಾಹ್ನ ಒಂದು ಹಿಡಿ ಅನ್ನಕ್ಕೆ ಎರಡು ಸೌಟು ಬೇಳೆಯ ಪಪ್ಪು. ಹಸಿವಿಲ್ಲದೆ ತಿನ್ನುವುದು ಸುಲಭವಲ್ಲ. ತಟ್ಟೆ ಖಾಲಿಯಾಗುವವರೆಗೆ ಅವಳು ಎದುರಿನಿಂದ ಏಳುವುದಿಲ್ಲ.