ಅಳತೆ ಸಿಗದ ರವಿಕೆ

ಅಕ್ಟೋಬರ್ ಬಂತೆಂದರೆ ಬಹರೇನಿನ ಗುದೈಬಿಯಾದ ಆ ಟೈಲರ್ ಅಂಗಡಿಯಲ್ಲಿ ದೆವ್ವಗಳದೇ ದರ್ಬಾರು. ಕೌಂಟರಿನ ಮೇಲೆ ಎಲುಬುಗೂಡಿನ ಚಿತ್ರ ಬಿಡಿಸಿದ ಕಪ್ಪು ಅಂಗಿ, ಹ್ಯಾಂಗರಿನಲ್ಲಿ ಕೆಂಪು ಬಣ್ಣ ಬಳಿದ ನರ್ಸಿನ ಕೋಟು, ಇಸ್ತ್ರಿ ಮೇಜಿನ ಕೆಳಗೆ ಮಾಟಗಾತಿಯರ ಟೋಪಿಗಳ ಗುಡ್ಡೆ. ವರ್ಷದ ಹನ್ನೊಂದು ತಿಂಗಳು ಪ್ಯಾಂಟಿನ ಕಾಲು ಗಿಡ್ಡ ಮಾಡಿ, ಅಬಾಯಾದ ಅಂಚು ಹೊಲಿದು ಹೊಟ್ಟೆ ಹೊರೆಯುವ ಗುರುವಪ್ಪ ಆ ಒಂದು ತಿಂಗಳು ಪಿಶಾಚಿಗಳ ದರ್ಜಿ. ಅಂಗಡಿಯ ಯಜಮಾನರಾದ ಉಪ್ಪಿನಂಗಡಿ ಕಡೆಯ ಹಂಝಾಕ, ಈ ಹ್ಯಾಲೊವೀನ್ ಎಲ್ಲ ಬಿಳಿಯರ ಹುಚ್ಚು, ನಮಗೆ ಹೇಳಿಸಿದ್ದಲ್ಲ ಎಂದು ಪ್ರತಿ ವರ್ಷ ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಿದ ಮುಖದಲ್ಲೇ ಆರ್ಡರು ಬರೆದುಕೊಳ್ಳುತ್ತಾರೆ. ಅವರದೇ ಮಗಳು, ಎಂಟು ವರ್ಷದ ನಶ್ವಾಳಿಗೆ ಈ ಸಲ ಎರಡು ವೇಷ ಬೇಕಂತೆ. ಶಾಲೆಗೊಂದು, ಬಿಲ್ಡಿಂಗಿನ ಬಾಗಿಲು ಬಾಗಿಲು ತಟ್ಟಿ ಚಾಕಲೇಟು ಕೇಳಲಿಕ್ಕೆ ಇನ್ನೊಂದು.

ಗುರುವಪ್ಪನಿಗೆ ಐವತ್ತೇಳು. ಊರು ಬೆಳ್ಮಣ್ಣಿನ ಹತ್ತಿರ. ಬಹರೇನಿಗೆ ಬಂದ ಮೊದಲ ಆರು ವರ್ಷ ಸಲ್ಮಾಬಾದಿನ ಒಂದು ಶೆಡ್ಡಿನಲ್ಲಿ ಕಾರ್ಮಿಕರ ನೀಲಿ ಸಮವಸ್ತ್ರ ಹೊಲಿದ. ಎಲ್ಲವೂ ಒಂದೇ ಬಣ್ಣ, ಮೂರೇ ಸೈಜು, ಮನುಷ್ಯರ ಮುಖವೇ ಕಾಣದ ಕೆಲಸ. ಆಮೇಲೆ ಈ ಅಂಗಡಿಗೆ ಬಂದವನು ಮತ್ತೆ ಕದಲಿಲ್ಲ. ಟೇಪು ಹಿಡಿಯದೆ ಕತ್ತರಿ ಹಿಡಿಯುವವನಲ್ಲ ಅವನು. ಕಣ್ಣಳತೆಯಲ್ಲಿ ಬಟ್ಟೆ ಕತ್ತರಿಸುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಅದು ಕೆಲಸವಲ್ಲ, ಗಿರಾಕಿಗೆ ಮಾಡುವ ಅವಮಾನ ಎನ್ನುತ್ತಾನೆ. ಮಕ್ಕಳ ಬಟ್ಟೆಯಾದರೆ ಒಳಗಡೆ ಎರಡಿಂಚು ಮಡಚಿ ಬಿಡುತ್ತಾನೆ, ಬರುವ ವರ್ಷ ಬಿಚ್ಚಿಕೊಳ್ಳಲಿ ಎಂದು.

ಮಕ್ಕಳಿಗೆ ಅವನ ಹೊಲಿಗೆಗಿಂತ ಅವನ ಕತೆಗಳೇ ಹೆಚ್ಚು. ಸಂಜೆ ನಾಲ್ಕಕ್ಕೆ ಅಂಗಡಿ ತೆರೆಯುವುದನ್ನೇ ಕಾದು ನಶ್ವಾ ಮತ್ತು ಮೇಲಿನ ಫ್ಲ್ಯಾಟುಗಳ ಮೂರು ನಾಲ್ಕು ಮಕ್ಕಳು ಬಟ್ಟೆಯ ಥಾನುಗಳ ಮೇಲೆ ಕುಳಿತುಬಿಡುತ್ತಾರೆ. ಇಂಗ್ಲಿಷಿನಲ್ಲಿ ಅವರು ನೋಡಿದ ರಕ್ತ ಹೀರುವ ದೆವ್ವಗಳನ್ನು ಗುರುವಪ್ಪ ಲೆಕ್ಕಕ್ಕೇ ಇಡುವುದಿಲ್ಲ. ನಮ್ಮ ಊರಿನ ಕುಲೆಗಳ ಮುಂದೆ ಅವೆಲ್ಲ ಚಿಳ್ಳೆಪಿಳ್ಳೆ ಎನ್ನುತ್ತಾನೆ. ಕುಲೆ ಎಂದರೆ ಸತ್ತವರು. ಅವರು ರಕ್ತ ಹೀರುವುದಿಲ್ಲ, ಅನ್ನ ಕೇಳುತ್ತಾರೆ, ತಮ್ಮ ಪಾಲು ಕೇಳುತ್ತಾರೆ. ಕೊಡದಿದ್ದರೆ ಮನೆಯಲ್ಲಿ ಒಂದು ಕೆಲಸ ನೆಟ್ಟಗಾಗಲು ಬಿಡುವುದಿಲ್ಲ.

ನಶ್ವಾಳಿಗೆ ಅಚ್ಚುಮೆಚ್ಚಿನದ್ದು ಕುಲೆಗಳ ಮದುವೆಯ ಕತೆ. ಆಟಿ ತಿಂಗಳ ಮಳೆಯಲ್ಲಿ ಒಬ್ಬ ಮನುಷ್ಯ ಗುಡ್ಡ ಇಳಿದು ಬರುತ್ತಿದ್ದಾನೆ. ಆಟಿಯಲ್ಲಿ ಬದುಕಿರುವವರು ಯಾರೂ ಮದುವೆಯ ಮಾತೆತ್ತುವುದಿಲ್ಲ. ಆದರೂ ಒಂದು ಮನೆಯ ಅಂಗಳದಲ್ಲಿ ಚಪ್ಪರ ಕಾಣುತ್ತದೆ, ಮಲ್ಲಿಗೆಯ ಪರಿಮಳ ಬರುತ್ತದೆ. ಕರೆದರು, ಕೂತ, ಎಲೆ ಹಾಕಿದರು. ಬಗ್ಗಿ ನೋಡಿದರೆ ಬಡಿಸುವವರ ಕಾಲು ನೆಲ ಮುಟ್ಟುತ್ತಿಲ್ಲ. ಇಲ್ಲಿಗೆ ಬರುವಾಗ ಗುರುವಪ್ಪ ಮಿಷಿನ್ನಿನ ಪೆಡಲು ಒತ್ತಿ ಟರ್ರನೆ ಸದ್ದು ಮಾಡುತ್ತಾನೆ, ಮಕ್ಕಳು ಕಿಟಾರನೆ ಕಿರುಚಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆಮೇಲೆ ಸಮಾಧಾನಕ್ಕೆ ಉಳಿದದ್ದನ್ನು ಹೇಳುತ್ತಾನೆ: ಚಿಕ್ಕದರಲ್ಲೇ ಸತ್ತ ಮಕ್ಕಳು ಅಲ್ಲಿ ಹಾಗೆಯೇ ಉಳಿಯುವುದಿಲ್ಲ, ನಮ್ಮ ಹಾಗೆ ವರ್ಷ ವರ್ಷ ಬೆಳೆಯುತ್ತವೆ. ಬೆಳೆದಾಗ ಮನೆಯವರು ಇನ್ನೊಂದು ಮನೆಯ ತೀರಿಕೊಂಡ ಮಗುವನ್ನು ಹುಡುಕಿ, ಜಾತಕ ನೋಡಿ, ಸೀರೆ ರವಿಕೆ ತಂದು ಮದುವೆ ಮಾಡಿಸುತ್ತಾರೆ. ಆಗ ಅವು ಸುಮ್ಮನಾಗುತ್ತವೆ.

ಈ ವರ್ಷ ಕತೆ ಮುಗಿದಾಗ ನಶ್ವಾ ಕಿರುಚಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು.

“ಗುರು ಅಂಕಲ್, ಅವರ ಡ್ರೆಸ್ ಯಾರು ಸ್ಟಿಚ್ ಮಾಡುದು?”

ಇಷ್ಟು ವರ್ಷದಲ್ಲಿ ಯಾವ ಮಗುವೂ ಕೇಳದ ಪ್ರಶ್ನೆ. ಗುರುವಪ್ಪ ಸೂಜಿಗೆ ನೂಲು ಪೋಣಿಸುತ್ತಿದ್ದವನು ತಲೆ ಎತ್ತಲಿಲ್ಲ. ಊರಿನ ಟೈಲರ್ ಇರುತ್ತಾನಲ್ಲ ಎಂದು ಹೇಳಿ ಮಕ್ಕಳನ್ನು ಮನೆಗೆ ಅಟ್ಟಿದ.

ಅವನಿಗೆ ಆ ಪ್ರಶ್ನೆ ಚುಚ್ಚಿದ್ದಕ್ಕೆ ಕಾರಣವಿತ್ತು. ಮೂರು ವಾರದ ಹಿಂದೆ ಹೆಂಡತಿ ಚಂದ್ರಾವತಿ ಊರಿನಿಂದ ಫೋನು ಮಾಡಿದ್ದಳು. ಮಗ ಸುಮಿತನಿಗೆ ಎರಡು ಸಂಬಂಧ ಬಂದು, ಎರಡೂ ತಾಂಬೂಲದವರೆಗೆ ಹೋಗಿ ತಪ್ಪಿದ್ದವು. ಜೋಯಿಸರು ಕವಡೆ ಹಾಕಿ ನೋಡಿ, ಇವನಿಗಿಂತ ದೊಡ್ಡವಳು ಒಬ್ಬಳು ಮನೆಯಲ್ಲಿ ಮದುವೆಗೆ ನಿಂತಿದ್ದಾಳಲ್ಲ, ಅವಳನ್ನು ಮರೆತಿರೇನು ಎಂದು ಕೇಳಿದರಂತೆ.

ಮರೆಯುವುದು ಎಲ್ಲಿಂದ ಬಂತು? ಗುರುವಪ್ಪ ಮೊದಲ ಸಲ ವಿಮಾನ ಹತ್ತಿದಾಗ ಚಂದ್ರಾವತಿ ಏಳು ತಿಂಗಳ ಬಸುರಿ. ಹೆಣ್ಣು ಹುಟ್ಟಿತೆಂದು ಕಾಗದ ಬಂತು. ಶೆಡ್ಡಿನಲ್ಲಿ ಎಲ್ಲರಿಗೂ ಹಲ್ವ ಹಂಚಿದ. ಹಂಚಿದ ಹೊತ್ತಿಗೆ ಆ ಮಗು ಬದುಕಿರಲಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಇನ್ನೂ ಎರಡು ದಿನ ಕಳೆದು ಫೋನು ಬಂದಾಗ. ಇಪ್ಪತ್ತಾರು ದಿನದ ಕೂಸು. ಫೋಟೋ ಇಲ್ಲ. ಹೆಸರೂ ಇಲ್ಲ, ನಲವತ್ತನೇ ದಿನಕ್ಕೆ ಇಡುವುದೆಂದು ಇದ್ದರು. ಎರಡು ವರ್ಷ ಬಿಟ್ಟು ಊರಿಗೆ ಹೋದಾಗ ಹಿರಿಯರು, ಹೋದದ್ದನ್ನು ಕೆದಕಬೇಡಿ, ಇನ್ನೊಂದಾಗುತ್ತದೆ ಎಂದರು. ಇನ್ನೊಂದಾಯಿತು. ಗಂಡ ಹೆಂಡತಿ ಆ ಮಗುವಿನ ವಿಷಯ ಮತ್ತೆ ಒಂದೇ ಒಂದು ಸಲ ಮಾತನಾಡಲಿಲ್ಲ. ಇಪ್ಪತ್ತೆಂಟು ವರ್ಷ!

ಈಗ ಕಿನ್ನಿಗೋಳಿಯಲ್ಲಿ ಒಂದು ಮನೆ ಸಿಕ್ಕಿದೆ, ಏಳನೇ ವಯಸ್ಸಿಗೆ ಜ್ವರದಲ್ಲಿ ಹೋದ ಹುಡುಗ, ಜಾತಕ ಹೊಂದಿದೆ. ಮದುವೆ ಬರುವ ಆಟಿಯಲ್ಲಿ, ನಿಶ್ಚಿತಾರ್ಥ ದೀಪಾವಳಿ ಕಳೆದ ವಾರ. ಸೀರೆ ಹುಡುಗನ ಕಡೆಯದ್ದು, ರವಿಕೆ ತವರಿನದ್ದು. ಚಂದ್ರಾವತಿ ಇದನ್ನೆಲ್ಲ ರೇಷನ್ನಿನ ಪಟ್ಟಿ ಓದಿದ ಹಾಗೆ ಓದಿ, ರವಿಕೆ ಕಾರ್ಕಳದಲ್ಲಿ ಹೊಲಿಸಲೋ ಎಂದು ಕೇಳಿದ್ದಳು. ಬೇಡ, ನಾನೇ ಹೊಲಿಯುತ್ತೇನೆ ಎಂದಿದ್ದ ಗುರುವಪ್ಪ. ಲೋಕದ ಮಕ್ಕಳಿಗೆಲ್ಲ ಹೊಲಿದ ಕೈ, ಹೆತ್ತ ಮಗಳಿಗೆ ಒಂದು ಲಂಗೋಟಿಯನ್ನೂ ಹೊಲಿದಿರಲಿಲ್ಲ. ಇದೊಂದಾದರೂ ಅವಳ ಮೈಗೆ ಸರಿಯಾಗಿ ಕೂರಬೇಕು. ಅವನಿಗೆ ಬೇಕಾದದ್ದು ಇಷ್ಟೇ. ರೂಮಿನ ಜೊತೆಗಾರ, ಎ.ಸಿ. ಮೆಕ್ಯಾನಿಕ್ ಸುಧೀರ್ ನವೆಂಬರಿನ ಮೊದಲ ಶನಿವಾರ ಊರಿಗೆ ಹೊರಡುವವನಿದ್ದ. ಅವನ ಕೈಯಲ್ಲಿ ಕಳಿಸುವುದೆಂದಾಯಿತು.

ಮನಾಮಾದ ಸೂಕ್ ಪೇಟೆಗೆ ಹೋಗಿ ಹಸಿರು ರೇಷ್ಮೆ ತಂದ. ಮೇಜಿನ ಮೇಲೆ ಹರಡಿದ. ಸೀಮೆಸುಣ್ಣ ತೆಗೆದುಕೊಂಡ. ಮುಂದೆ ಕೈ ಹೋಗಲಿಲ್ಲ. ಯಾರ ಅಳತೆ?

ನಿಜ ಹೇಳಬೇಕೆಂದರೆ ಅಳತೆ ಅವನ ಪುಸ್ತಕದಲ್ಲೇ ಇತ್ತು. ಅಂಗಡಿಯ ಮೇಲಿನ ನಾಲ್ಕನೇ ಮಹಡಿಯಲ್ಲಿ ಉಡುಪಿಯ ಸುಧೀಂದ್ರ ರಾಯರ ಸಂಸಾರ. ಅವರ ಮಗಳು ಸುಪ್ರೀತಾ ಹುಟ್ಟಿದ್ದೂ ಆ ಕೂಸು ಹುಟ್ಟಿದ ವರ್ಷವೇ, ಅದೇ ತಿಂಗಳು, ಇಲ್ಲೇ ಬಹರೇನಿನಲ್ಲಿ. ಆರು ವರ್ಷದ ಹುಡುಗಿಗೆ ಮೊದಲ ಸಲ ಹೊಲಿದದ್ದು ಮಾಟಗಾತಿಯ ಕಪ್ಪು ಲಂಗ. ಹುಟ್ಟಿದ ತಿಂಗಳು ಕೇಳಿದಾಗ ಗುರುವಪ್ಪನ ಟೇಪು ಅವಳ ಹೆಗಲ ಮೇಲೆ ಒಂದು ಗಳಿಗೆ ಹಾಗೇ ನಿಂತಿತ್ತು. ಅಂದಿನಿಂದ ವರ್ಷ ವರ್ಷ ಅವಳು ಎಷ್ಟು ಎತ್ತರವಾದಳು, ಹೆಗಲು ಎಷ್ಟು ಅಗಲವಾಯಿತು, ಎಲ್ಲ ಪುಸ್ತಕದಲ್ಲಿದೆ. ಪ್ರತಿ ಸಲ ಬರೆಯುವಾಗ, ಹಾಗಾದರೆ ನನ್ನವಳೂ ಈಗ ಇಷ್ಟು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ಆ ಕೂಸು ಅವನೊಳಗೆ ಬೆಳೆದದ್ದು ಹೀಗೆ, ಇನ್ನೊಬ್ಬರ ಮಗಳ ಇಂಚುಗಳಲ್ಲಿ. ಪಾಪ, ಸುಪ್ರೀತಾಳಿಗೆ ಇದರ ಗಂಧಗಾಳಿಯೂ ಇಲ್ಲ.

ಆ ವಾರ ಅವಳೇ ಬಂದಳು. ಆಫೀಸಿನ ಹ್ಯಾಲೊವೀನ್ ಪಾರ್ಟಿಗೆ ಉದ್ದನೆಯ ಗೌನು ಬೇಕಿತ್ತು. ಅಳತೆ ತೆಗೆದುಕೊಂಡ, ಬರೆದುಕೊಂಡ. ಅವಳು ಹೋದ ಮೇಲೆ ಅದೇ ಪುಟವನ್ನು ತೆರೆದಿಟ್ಟುಕೊಂಡು ಹಸಿರು ರೇಷ್ಮೆಗೆ ಕತ್ತರಿ ಹಾಕಿದ. ಕತ್ತರಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಬಹಳ ದಿನದ ಮೇಲೆ ಅವನು ಬಾಯಲ್ಲಿ ಹಾಡು ಗುನುಗಿದ. ಹಂಝಾಕ ಎಂತ ವಿಶೇಷ ಎಂದು ಕೇಳಿದ್ದಕ್ಕೆ, ಊರಲ್ಲಿ ಒಂದು ಮದುವೆ ಉಂಟು ಎಂದ. ಸುಳ್ಳೇನಲ್ಲವಲ್ಲ.

ಶುಕ್ರವಾರ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಕಚ್ಚಾ ಹೊಲಿಗೆ ಹಾಕಿದ ರವಿಕೆಯನ್ನು ಹೆಂಡತಿಗೆ ತೋರಿಸಿದ. ಬಣ್ಣ ಚಂದ ಉಂಟು ಎಂದಳು. ಆಮೇಲೆ ಅವಳೂ ಕೇಳಿದ್ದು ಅದನ್ನೇ, ಯಾರ ಅಳತೆ ಎಂದು. ಅವನು ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಹೇಳುವಾಗ ಸ್ವಲ್ಪ ಹೆಮ್ಮೆಯೇ ಇತ್ತು. ಚಂದ್ರಾವತಿ ಫೋನನ್ನು ಮುಖದ ಹತ್ತಿರಕ್ಕೆ ತಂದಳು.

“ನಿಮಗೆ ತಲೆ ಸರಿ ಉಂಟಾ? ಬದುಕಿರುವ ಹುಡುಗಿಯ ಅಳತೆಯಲ್ಲಿ ಕುಲೆಗೆ ರವಿಕೆ ಹೊಲಿಯುದಾ? ನಾಳೆ ಅವಳ ಕೂದಲು ಕೊಂಕಿದರೂ ಅವಳ ಅಮ್ಮನ ಮುಖ ನೋಡ್ಲಿಕ್ಕೆ ನಿಮ್ಮಿಂದ ಆಗ್ತದಾ?”

ಅವನಿಗೆ ರೇಗಿತು. ಕುಲೆ ಎನ್ನಬೇಡ, ಅವಳು ನಮ್ಮ ಮಗಳು ಎಂದು ಗದರಿದ. ಆ ಕಡೆಯಿಂದ ಫೋನು ಕಟ್ಟಾಯಿತು.

ಮೂಢನಂಬಿಕೆ ಎಂದು ತಳ್ಳಿಹಾಕಲು ಎರಡು ದಿನ ಒದ್ದಾಡಿದ. ಆದರೆ ಈ ಕತೆಗಳನ್ನು ಮಕ್ಕಳಿಗೆ ಹೇಳಿ ಹೆದರಿಸುತ್ತಿದ್ದವನು ತಾನೇ ಅಲ್ಲವೇ? ಹೇಳುವಾಗ ನಗು ಬರುತ್ತಿತ್ತು, ಈಗ ಬರಲಿಲ್ಲ. ಸುಪ್ರೀತಾ ಗೌನು ತೊಟ್ಟು ನೋಡಲು ಬಂದಳು. ಒಂದು ಕಡೆಯೂ ಬಿಗಿಯಿಲ್ಲ, ಸಡಿಲವಿಲ್ಲ. ಕನ್ನಡಿಯ ಮುಂದೆ ತಿರುಗಿ ನೋಡಿಕೊಳ್ಳುತ್ತಾ ಒಮ್ಮೆ ಸೀನಿದಳು. ಬರೀ ಸೀನು. ಗುರುವಪ್ಪ ಕೈಯಲ್ಲಿದ್ದ ಪಿನ್ನು ಕೆಳಗಿಟ್ಟ. ಜ್ವರವೇನಮ್ಮ ಎಂದು ಕೇಳಿದ. ಎ.ಸಿ.ಯ ಗಾಳಿ, ಅಂಕಲ್ ಎಂದು ನಕ್ಕು ಹೋದಳು. ಅವಳು ಮೆಟ್ಟಿಲು ಹತ್ತುವ ಸದ್ದು ನಿಲ್ಲುವವರೆಗೆ ಅವನು ನಿಂತೇ ಇದ್ದ. ಆ ಹುಡುಗಿಗೆ ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ. ಇಪ್ಪತ್ತೆರಡು ವರ್ಷ ಅವಳಿಂದ ಕೇಳದೆಯೇ ಏನನ್ನೋ ತೆಗೆದುಕೊಂಡೆ ಎನಿಸಿ ಅವನಿಗೆ ನಾಚಿಕೆಯಾಯಿತು. ಅವತ್ತೇ ಹಸಿರು ರವಿಕೆಯ ಹೊಲಿಗೆ ಬಿಚ್ಚಿದ. ತುಂಡುಗಳನ್ನು ಕತ್ತರಿಸಿ ಚಿಂದಿಯ ಚೀಲಕ್ಕೆ ಹಾಕಿದ. ಮರುದಿನ ಸೂಕಿಗೆ ಹೋಗಿ ಮತ್ತೊಂದು ರೇಷ್ಮೆ ತಂದ, ಅದೇ ಹಸಿರು.

ಆ ವರ್ಷ ಹ್ಯಾಲೊವೀನ್ ಬಿದ್ದದ್ದು ನರಕ ಚತುರ್ದಶಿಯ ದಿನವೇ. ಸಂಜೆ ಆರಕ್ಕೆ ಎಲ್ಲ ವೇಷಗಳೂ ಹೋಗಿ ಅಂಗಡಿ ಬರಿದಾಗಿತ್ತು. ಹಂಝಾಕ ಮಗಳ ಚಾಕಲೇಟಿನ ಬುಟ್ಟಿ ಹಿಡಿದುಕೊಂಡು, ಗೊಣಗುತ್ತಾ ಅವಳ ಹಿಂದೆಯೇ ಮಹಡಿ ಹತ್ತಿದ್ದರು. ಮೇಲೆಲ್ಲ ಬಾಗಿಲು ತಟ್ಟುವ ಸದ್ದು, ಮಕ್ಕಳ ಕೇಕೆ. ಸುಧೀರನ ವಿಮಾನಕ್ಕೆ ಇನ್ನು ಎರಡು ದಿನವೂ ಇರಲಿಲ್ಲ. ಗುರುವಪ್ಪ ರೇಷ್ಮೆ ಹರಡಿ ಅದರ ಮುಂದೆ ಕೂತಿದ್ದ. ಕಣ್ಣಳತೆಯಲ್ಲಿ ಹೊಲಿಯೋಣವೆಂದರೆ ಕಣ್ಣು ಅವಳನ್ನು ಕಂಡೇ ಇಲ್ಲ. ಎಷ್ಟೋ ಸಾವಿರ ಜನರನ್ನು ಅಳೆದವನಿಗೆ ಹೆತ್ತ ಮಗಳು ಕಪ್ಪೋ ಬಿಳುಪೋ ಗೊತ್ತಿಲ್ಲ. ಅವನು ಟೇಪನ್ನು ಮುಖಕ್ಕೊತ್ತಿಕೊಂಡು ಅತ್ತ. ಆಮೇಲೆ ಹೆಂಡತಿಗೆ ಫೋನು ಮಾಡಿದ.

ಅವಳು ಅಂಗಳದಲ್ಲಿ ದೀಪ ಇಡುತ್ತಿದ್ದಳು. ಜಗಳದ ಮಾತು ಇಬ್ಬರೂ ಎತ್ತಲಿಲ್ಲ. ಆ ಬಟ್ಟೆ ಚಿಂದಿಗೆ ಹೋಯಿತು, ಹೊಸದು ತಂದಿದ್ದೇನೆ, ಅಳತೆ ಇಲ್ಲದೆ ಕೂತಿದ್ದೇನೆ ಎಂದ. ಚಂದ್ರಾವತಿ ಕೈಯಲ್ಲಿದ್ದ ದೀಪವನ್ನು ಮೆಟ್ಟಿಲ ಮೇಲಿಟ್ಟಳು.

“ನನ್ನ ಮದುವೆ ರವಿಕೆ ನೀವೇ ಹೊಲಿದದ್ದಲ್ವಾ. ಆ ಅಳತೆ ನೆನಪುಂಟಾ?”

ನೆನಪಿಲ್ಲದೆ ಏನು. ಉದ್ದ ಹದಿನಾಲ್ಕು, ಎದೆಸುತ್ತು ಮೂವತ್ತೆರಡು, ಹೆಗಲು ಹದಿಮೂರೂವರೆ, ತೋಳು ಒಂಬತ್ತು. ಕೇಳಿದ ಕೂಡಲೇ ಬಾಯಿಗೆ ಬಂತು.

“ಅದರಲ್ಲೇ ಕತ್ತರಿಸಿ. ನನ್ನ ಮೈಯಿಂದ ಬಂದವಳು, ನನ್ನ ಅಳತೆ ತಗೊಂಡ್ರೆ ನನಗೆ ಎಂತದೂ ಆಗುದಿಲ್ಲ. ತೋಳು ಮಾತ್ರ ಹತ್ತು ಇಡಿ. ಅವಳದ್ದು ಕೈ ಉದ್ದ. ನಿಮ್ಮ ಕೈ.”

ಗುರುವಪ್ಪ ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು ನೋಡಿದ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅಳತೆ ಪುಸ್ತಕದಲ್ಲಿ ಹೊಸ ಪುಟ ತೆರೆದ. ಅಲ್ಲಿ ಮೊದಲ ಸಾಲು ಹೆಸರಿನದ್ದು. ಹೆಸರಿಲ್ಲದೆ ಹೋದವಳಿಗೆ ನಿಶ್ಚಿತಾರ್ಥದ ದಿನ ಪುರೋಹಿತರು ಇಡುವ ಹೆಸರು ಏನಂತೆ ಎಂದು ಕೇಳಿದ.

“ಪುರೋಹಿತರು ಎಂತ ಇಡುದು? ನಾನು ಹೇಳಿ ಆಗಿದೆ. ವಾರಿಜ. ನಾನು ಮೊದಲಿನಿಂದಲೂ ಹಾಗೇ ಕರೆಯುದು.”

ಇಪ್ಪತ್ತೆಂಟು ವರ್ಷದಿಂದ ಗುರುವಪ್ಪನೂ ಮನಸ್ಸಿನಲ್ಲಿ ಅವಳನ್ನು ಒಂದು ಹೆಸರಿನಿಂದ ಕರೆಯುತ್ತಿದ್ದ. ಅದು ವಾರಿಜ ಅಲ್ಲ. ಅದನ್ನು ಹೇಳಲು ಬಾಯಿ ತೆರೆದ, ಹೇಳಲಿಲ್ಲ. ಕೂಸನ್ನು ಎತ್ತಿ ಆಡಿಸಿದವಳು ಚಂದ್ರಾವತಿ. ವಾರಿಜ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಅಳತೆಗಳನ್ನು ಒಂದೊಂದಾಗಿ ಇಳಿಸಿದ. ತೋಳು ಹತ್ತು. ಆಮೇಲೆ, ಕೌಂಟರಿನ ಆಚೆ ನಿಂತ ಯಾವುದೇ ತಾಯಿಯನ್ನು ಕೇಳುವ ಹಾಗೆ, ಕುತ್ತಿಗೆ ದುಂಡಗೋ ಚೌಕವೋ ಎಂದು ಕೇಳಿದ.

“ದುಂಡಗೆ ಇರ್ಲಿ,” ಎಂದಳು ಚಂದ್ರಾವತಿ. “ಚೌಕ ಅವಳಿಗೆ ಒಪ್ಪುದಿಲ್ಲ.”