ಬಳುವಳಿಯಾಗಿ ಬಂದದ್ದನ್ನು ಬರೆಯುವುದು ಹೇಗೆ

ನಾನು ಬರೆದದ್ದನ್ನು ಯಾರೂ ಖುಷಿಗಾಗಿ ಓದುವುದಿಲ್ಲ. ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಕೂತು ಪ್ರೋಗ್ರಾಮಿಂಗ್ ಭಾಷೆಯೊಂದರ ಕೈಪಿಡಿ ಬರೆಯುವುದು ನನ್ನ ಕೆಲಸ. ಕೆಲಸ ಕೆಟ್ಟು ನಿಂತವರು ಮಾತ್ರ ಅದನ್ನು ತೆರೆಯುತ್ತಾರೆ, ಅದೂ ಬೈದುಕೊಳ್ಳುತ್ತಲೇ.

ಈ ಭಾಷೆಯಲ್ಲಿ ಕ್ಲಾಸ್ ಎಂಬುದೊಂದಿದೆ. ಶಾಲೆಯದಲ್ಲ, ಕೆಲವು ಕೆಲಸಗಳನ್ನು ಒಂದೆಡೆ ಕೂಡಿಟ್ಟ ಮನೆತನ ಎನ್ನಿ. ಒಂದು ಕ್ಲಾಸಿನಿಂದ ಇನ್ನೊಂದು ಹುಟ್ಟಿದರೆ, ತಾಯಿಗೆ ಬರುವ ಕೆಲಸಗಳೆಲ್ಲ ಮಗಳಿಗೆ ಕಲಿಸದೆಯೇ ಬರುತ್ತವೆ. ಮಗಳ ಪುಟದಲ್ಲಿ ಅವನ್ನೆಲ್ಲ ಮತ್ತೆ ಬರೆಯಬೇಕೋ, ‘ತಾಯಿಯ ಪುಟ ನೋಡಿ’ ಎಂದು ಕೈತೊಳೆದುಕೊಳ್ಳಬೇಕೋ ಎಂಬುದೇ ನಮ್ಮ ತಂಡದ ಜಗಳ. ನಾನು ಕೈತೊಳೆದುಕೊಳ್ಳುವ ಪಕ್ಷ. ನಮ್ಮ ಹಳೆಯ ವ್ಯಾಖ್ಯಾನಕಾರರೂ ‘ಹಿಂದೆ ಹೇಳಿದಂತೆ’ ಎಂದು ದಾಟಿಕೊಂಡವರೇ ಅಲ್ಲವೇ ಎಂದು ಮೀಟಿಂಗಿನಲ್ಲಿ ವಾದಿಸುತ್ತಿದ್ದೆ. ಸೋಮಾರಿತನಕ್ಕೆ ಇದಕ್ಕಿಂತ ಒಳ್ಳೆಯ ಅಂಗಿ ಸಿಗುವುದಿಲ್ಲ.

ನಮ್ಮ ಅಡುಗೆಮನೆಯೂ ಇದೇ ಪಕ್ಷದ್ದು. ಅವ್ವನ ಹಣ್ಣುಮೆಣಸಿನಕಾಯಿ ಚಟ್ನಿ ಓಣಿಗೆಲ್ಲ ಹೆಸರಾಗಿತ್ತು. ಹೇಗೆ ಮಾಡುವುದೆಂದು ಯಾರೇ ಕೇಳಲಿ, “ನಂದೇನೈತ್ರಿ ಇದರಾಗ, ನಮ್ಮವ್ವ ಮಾಡಿದಂಗ ಮಾಡೀನಿ” ಎನ್ನುತ್ತಿದ್ದಳು. ರಜೆಯಲ್ಲಿ ಕುರುಗೋಡಿಗೆ ಹೋಗಿ ಅಜ್ಜಿಯನ್ನು ಕೇಳಿದರೆ, “ಸಿರುಗುಪ್ಪದಾಗ ನಿಮ್ಮ ದೊಡ್ಡವ್ವನ್ನ ಕೇಳು, ಆಕಿಗೆಲ್ಲಾ ಹೇಳೀನಿ” ಎಂಬ ಉತ್ತರ. ಅವ್ವನ ಅಕ್ಕನಾದ ಈ ದೊಡ್ಡವ್ವ, “ನಿಮ್ಮವ್ವ ಮಾಡಂಗಿಲ್ಲೇನು? ಹಂಗ” ಎಂದು ನಕ್ಕುಬಿಡುತ್ತಿದ್ದಳು. ಮೂರು ಊರು ಸುತ್ತಿದ ಪ್ರಶ್ನೆ ಬಳ್ಳಾರಿಗೇ ಬಂದು ಇಳಿಯುತ್ತಿತ್ತು. ಆಗ ಬೇಸರವೇನೂ ಇರಲಿಲ್ಲ. ಮೂರೂ ಮನೆಗಳಲ್ಲಿ ಬಿಸಿ ರೊಟ್ಟಿ ಸಿಗುತ್ತಿತ್ತಲ್ಲ! ಕುರುಗೋಡಿನ ಒರಳಿನ ಸದ್ದು, ಖಾರದ ಘಾಟಿಗೆ ಮನೆಮಂದಿಯೆಲ್ಲ ಸೀನುತ್ತಿದ್ದುದು ನೆನಪಾದರೆ ಈಗಲೂ ಜೀವ ಅಲ್ಲಿಗೇ ಎಳೆಯುತ್ತದೆ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಹೋದ ವರ್ಷ ಅವ್ವನೂ ಹೋದಳು. ಭರಣಿಯ ತಳದಲ್ಲಿ ಆಕೆಯ ಚಟ್ನಿ ಒಂದಿಷ್ಟು ಉಳಿದಿತ್ತು. ಅದು ಮುಗಿಯುವುದರೊಳಗೆ ಆ ರುಚಿಯನ್ನು ಕೈಗೆ ಹತ್ತಿಸಿಕೊಳ್ಳಬೇಕೆಂದು ನಾನೇ ರುಬ್ಬಲು ನಿಂತೆ. ಅಜ್ಜಿಯ ಮನೆಯಲ್ಲಿ ಕಂಡಿದ್ದಂತೆ ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಹುಣಸೆಹಣ್ಣು. ಎಷ್ಟು ಸಲ ರುಬ್ಬಿದರೂ ಖಾರವಾಯಿತೇ ಹೊರತು ಅವ್ವನದಾಗಲಿಲ್ಲ. ಭರಣಿ ಖಾಲಿಯಾದರೆ ಅವ್ವ ಇನ್ನೊಮ್ಮೆ ಹೋದಂತೆ ಎನಿಸಿತು. ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ದೊಡ್ಡವ್ವ ಬೆರಳ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟುಕೊಂಡಳು.

“ಇದು ನಮ್ಮವ್ವಂದಲ್ಲ ಬಿಡು ತಮ್ಮಾ. ಬೆಲ್ಲ ಹಾಕ್ಯಾಳ, ಹುರಿದ ಎಳ್ಳೂ ಐತಿ.”

“ಹಂಗಂತ ಆಕಿ ಎಂದೂ ಹೇಳಲಿಲ್ಲಲ್ಲ ದೊಡ್ಡವ್ವಾ?”

“ಏನಂತ ಹೇಳ್ತಾಳ? ಸಣ್ಣಂವ ಇದ್ದಾಗ ನಿನಗ ಖಾರ ತಡೀತಿದ್ದಿಲ್ಲ. ಬೇಕಂತ ಹಟ ಮಾಡ್ತಿದ್ದಿ, ತಿಂದು ಅಳ್ತಿದ್ದಿ. ನಿನ್ನ ಸಲುವಾಗಿ ಬದಲ್ ಮಾಡ್ಯಾಳ.”

ನನ್ನ ಕಸುಬಿನಲ್ಲಿ ಇದಕ್ಕೊಂದು ಪದ್ಧತಿಯೇ ಇದೆ. ಬಳುವಳಿಯಾಗಿ ಬಂದ ಕೆಲಸವನ್ನು ಮಗಳು ಹೆಸರು ಬದಲಿಸದೆ ತನ್ನ ರೀತಿಗೆ ತಿದ್ದಿಕೊಳ್ಳಬಹುದು. ತಾಯಿಯ ಪುಟವನ್ನಷ್ಟೇ ನೋಡಿದವರಿಗೆ ಅದು ಕಾಣುವುದಿಲ್ಲ. ದಿನಾ ಇದನ್ನೇ ಬರೆಯುವ ನಾನು, ಇಷ್ಟು ವರ್ಷ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದೆ.

ಮರುದಿನದ ಮೀಟಿಂಗಿನಲ್ಲಿ ಪಕ್ಷಾಂತರ ಮಾಡಿದೆ. ಪ್ರತಿ ಪುಟದಲ್ಲೂ ಎಲ್ಲವನ್ನೂ ಬರೆಯೋಣ, ತಿದ್ದಿದ್ದನ್ನು ತಿದ್ದಿದವರ ಹೆಸರಿನಲ್ಲೇ ಹೇಳೋಣ ಎಂದೆ. ಪುಟ ಉದ್ದವಾಗುತ್ತದೆಂದು ಉಳಿದವರು ಗೊಣಗಿದರು. ಆಗಲಿ ಎಂದೆ.

ಆ ಭಾನುವಾರ ಎಳ್ಳು ಹುರಿದು, ಬೆಲ್ಲ ಸೇರಿಸಿ ರುಬ್ಬಿ, ಪಕ್ಕದ ಮನೆಯ ಮಾಬುಬಿ ಅಕ್ಕನಿಗೆ ಒಂದು ಬಟ್ಟಲು ಕೊಟ್ಟೆ. ಬಾಯಿಗಿಟ್ಟವರೇ ಕಣ್ಣರಳಿಸಿದರು.

“ಏ, ಇದು ನಿಮ್ಮವ್ವನ ಚಟ್ನಿ ಅಲ್ಲೇನು?”

ಅವ್ವ ಇದ್ದಿದ್ದರೆ ತಕ್ಷಣ ಕುರುಗೋಡಿನ ಕಡೆ ಕೈ ತೋರಿಸಿಬಿಡುತ್ತಿದ್ದಳು. ಆಕೆ ಇಲ್ಲದ ಧೈರ್ಯದಲ್ಲಿ ನಾನು ಹೇಳಿದೆ:

“ಹೌದ್ರಿ ಅಕ್ಕಾ. ಆಕೀದೇ.”